ಧ್ರುವ ನಕ್ಷತ್ರ ಒಂದೂವರೆ ಮುಷ್ಟಿ ಎತ್ತರದಲ್ಲಿ: ಉತ್ತರ ಕನ್ನಡದ ಕತ್ತಲಿಗೆ ಹೊತ್ತೊಯ್ಯುವ ಕ್ಯಾಮೆರಾ ಸಾಮಾನು

ನಕ್ಷತ್ರಗಳ ಫೋಟೋ ತೆಗೆಯಲು ಯಾವ ಸಾಮಾನು ತಗೊಳ್ಳಲಿ ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಒಂದೇ ಪ್ರಶ್ನೆ ಕೇಳುತ್ತೇನೆ: ಅಲ್ಲಿಗೆ ಹೇಗೆ ಹೋಗ್ತೀರಿ? ಕಾರಾ, ಬೈಕಾ, ಬಸ್ಸಾ? ಇಳಿದ ಮೇಲೆ ಎಷ್ಟು ದೂರ ನಡೆಯಬೇಕು?

ನಮ್ಮ ಜಿಲ್ಲೆಯಲ್ಲಿ ಒಳ್ಳೆಯ ಕತ್ತಲು ಡಾಂಬರು ರಸ್ತೆಯ ಪಕ್ಕದಲ್ಲಿ ಸಿಗುವುದು ಕಡಿಮೆ. ಗದ್ದೆ ಬದುವಿನ ಮೇಲೆ ನಡೆಯಬೇಕು, ಗುಡ್ಡ ಹತ್ತಬೇಕು, ಇಲ್ಲವೇ ಅರ್ಧ ಕಿಲೋಮೀಟರ್ ಮರಳಿನಲ್ಲಿ ಕಾಲು ಎಳೆಯಬೇಕು. ನಾನು ಮೊದಲು ತಂದದ್ದು ದೊಡ್ಡ ಟೆಲಿಸ್ಕೋಪು, ಅದಕ್ಕೆ ಭಾರದ ಕಬ್ಬಿಣದ ಸ್ಟ್ಯಾಂಡು. ಎಲ್ಲ ಸೇರಿ 20 ಕಿಲೋ ಹತ್ತಿರ. ಅದು ಮನೆಯ ಅಂಗಳ ದಾಟಿದ್ದು ಎರಡೇ ಸಲ. ಈಗ ನನ್ನ ಸಾಮಾನೆಲ್ಲ ಒಂದೇ ಬೆನ್ನುಚೀಲದಲ್ಲಿ, 6 ಕಿಲೋ ಒಳಗೆ. ಅಮಾವಾಸ್ಯೆ ಹತ್ತಿರ ಬಂದು ಮೋಡ ಇಲ್ಲ ಅಂದರೆ ಹತ್ತು ನಿಮಿಷದಲ್ಲಿ ಹೊರಡುತ್ತೇನೆ. ಮನೆಯಲ್ಲಿ ಉಳಿಯುವ ದೊಡ್ಡ ಸಾಮಾನಿಗಿಂತ ಜತೆಗೆ ಬರುವ ಸಣ್ಣ ಸಾಮಾನು ನೂರು ಪಾಲು ಮೇಲು ಅಂತ ನನಗೆ ಖಚಿತವಾಗಿದೆ.

ಹಾಗಾಗಿ ಒಂದು ಕೆಲಸ ಮಾಡಿ. ಏನನ್ನೂ ಕೊಳ್ಳುವ ಮೊದಲು ಒಂದು ಚೀಲಕ್ಕೆ 6 ಕಿಲೋ ಅಕ್ಕಿ ಹಾಕಿಕೊಂಡು, ನೀವು ಹೋಗಬೇಕೆಂದಿರುವ ಜಾಗಕ್ಕೆ ನಡೆದು ನೋಡಿ. ಸಲೀಸಾಗಿ ಹೋದಿರಾ? ಸರಿ. ಏದುಸಿರು ಬಂತಾ? ಹಾಗಾದರೆ 4 ಕಿಲೋದಲ್ಲಿ ಮುಗಿಸಿ. ಎಷ್ಟು ಖರ್ಚು ಮಾಡಬೇಕು ಅನ್ನುವ ಲೆಕ್ಕ ಅದರ ಮೇಲೆ ಬರಲಿ.

ಮೊದಲು ಜಾಗ, ಅದೂ ಹಗಲಲ್ಲೇ

ಎರಡನೆಯ ಕೆಲಸ ಜಾಗ ನೋಡುವುದು. ಬೆಳಕಿನ ಮಾಲಿನ್ಯದ ನಕ್ಷೆಗಳು ಅಂತರ್ಜಾಲದಲ್ಲಿ ಉಚಿತವಾಗಿವೆ. ಆಕಾಶ ಎಷ್ಟು ಕಪ್ಪು ಅಂತ ಅಳೆಯಲು ಜಾನ್ ಬಾರ್ಟಲ್ ಎಂಬ ಅಮೆರಿಕದ ಹವ್ಯಾಸಿ ವೀಕ್ಷಕರು 2001ರಲ್ಲಿ 1ರಿಂದ 9ರ ತನಕದ ಒಂದು ಅಳತೆ ಮಾಡಿಕೊಟ್ಟರು. 1 ಅಂದರೆ ಕಡುಗತ್ತಲು, 9 ಅಂದರೆ ಮಹಾನಗರದ ನಡುಭಾಗ. ನಕ್ಷೆಯಲ್ಲಿ ಶಿರಸಿ ಪೇಟೆಯಿಂದ, ಕಾರವಾರದಿಂದ, ಕುಮಟಾದಿಂದ ದೂರ ಸರಿದಂತೆಲ್ಲ ಬಣ್ಣ ಹೇಗೆ ಗಾಢವಾಗುತ್ತದೆ ನೋಡಿ. ಆದರೆ ಪಕ್ಕದ ಮನೆಯ ಎಲ್ಇಡಿ ಬಲ್ಬು ನಕ್ಷೆಯಲ್ಲಿ ಇರುವುದಿಲ್ಲ. ಹೆದ್ದಾರಿ 66ರ ಲಾರಿ ದೀಪಗಳೂ ಇರುವುದಿಲ್ಲ. ಅದಕ್ಕೇ ಹೋಗಿಯೇ ನೋಡಬೇಕು.

ಘಟ್ಟದ ಮೇಲೆ ಕಾಡು ದಟ್ಟ. ಕತ್ತಲು ಇದೆ, ಆಕಾಶ ಇಲ್ಲ. ನಮ್ಮ ಕಡೆ ಬೇಣ ಅಂತೀವಲ್ಲ, ಮರ ಕಡಿಮೆ ಇದ್ದು ಹುಲ್ಲು ಬೆಳೆಯುವ ಗುಡ್ಡ, ಅದು ಈ ಕೆಲಸಕ್ಕೆ ಹೇಳಿ ಮಾಡಿಸಿದ ಜಾಗ. ಕೊಯ್ಲು ಮುಗಿದ ಗದ್ದೆ ಬಯಲೂ ಒಳ್ಳೆಯದೇ. ಅಡಿಕೆ ತೋಟದ ನಡುವಿನ ಮನೆಯಂಗಳದಲ್ಲಿ ಮಾತ್ರ ನೆತ್ತಿಯ ಮೇಲಿನ ಆಕಾಶವಷ್ಟೇ ಸಿಗುತ್ತದೆ.

ಇಲ್ಲಿ ಒಂದು ಲೆಕ್ಕ ಹೇಳಲೇಬೇಕು. ಮುಂದೆ ಟ್ರ್ಯಾಕರ್ (ನಕ್ಷತ್ರದ ಜತೆ ಕ್ಯಾಮೆರಾವನ್ನು ತಿರುಗಿಸುವ ಪೆಟ್ಟಿಗೆ) ಕೊಳ್ಳಬೇಕೋ ಬೇಡವೋ ಅನ್ನುವುದು ಇದರ ಮೇಲೇ ನಿಂತಿದೆ. ಧ್ರುವ ನಕ್ಷತ್ರ ನೆಲಮಟ್ಟದಿಂದ ಎಷ್ಟು ಎತ್ತರದಲ್ಲಿ ಕಾಣುತ್ತದೆ ಅನ್ನುವುದು ಊರಿನ ಅಕ್ಷಾಂಶದಷ್ಟೇ. ಶಿರಸಿಗೆ 14.6 ಡಿಗ್ರಿ, ಕಾರವಾರಕ್ಕೆ 14.8. ಕೈ ನೇರ ಚಾಚಿ ಮುಷ್ಟಿ ಹಿಡಿದರೆ ಆ ಮುಷ್ಟಿಯ ಅಗಲ ಹತ್ತು ಡಿಗ್ರಿ ಸುಮಾರು. ಅಂದರೆ ನಮ್ಮ ಧ್ರುವ ಇರುವುದು ನೆಲದಿಂದ ಒಂದೂವರೆ ಮುಷ್ಟಿ ಮೇಲೆ, ಅಷ್ಟೇ. 15 ಮೀಟರ್ ಎತ್ತರದ ಅಡಿಕೆ ಮರ ನಿಮ್ಮ ಉತ್ತರಕ್ಕೆ 50 ಮೀಟರ್‌ಗಿಂತ ಹತ್ತಿರ ಇದ್ದರೆ ಧ್ರುವ ಕಾಣುವುದಿಲ್ಲ. ಗುಡ್ಡ ಇದ್ದರಂತೂ ಕೇಳುವುದೇ ಬೇಡ. ಕರಾವಳಿಯಲ್ಲಿ ಮತ್ತೊಂದು ತೊಡಕು: ಕಾರವಾರಕ್ಕೆ ದಕ್ಷಿಣದ ಕಡಲತೀರದಲ್ಲಿ ನಿಂತು ಉತ್ತರಕ್ಕೆ ನೋಡಿದರೆ ಪಟ್ಟಣದ ಬೆಳಕು ಅಲ್ಲೇ, ಧ್ರುವದ ಕೆಳಗೇ ಹರಡಿರುತ್ತದೆ. ಹಗಲಲ್ಲೇ ಫೋನಿನ ದಿಕ್ಸೂಚಿ ಹಿಡಿದು ಉತ್ತರಕ್ಕೆ ತಿರುಗಿ, ಒಂದೂವರೆ ಮುಷ್ಟಿ ಎತ್ತಿ, ಅಲ್ಲಿ ಆಕಾಶ ಇದೆಯಾ ಮರ ಇದೆಯಾ ನೋಡಿಕೊಳ್ಳಿ.

ಧ್ರುವ ತಗ್ಗಿನಲ್ಲಿದೆ ಅಂತ ಬೇಸರ ಬೇಡ. ಅದರ ಬದಲಿಗೆ ದಕ್ಷಿಣದ ಆಕಾಶ ನಮಗೆ ಧಾರಾಳವಾಗಿ ಸಿಕ್ಕಿದೆ. ಆಕಾಶಗಂಗೆಯ ನಡುಭಾಗ, ಮೂಲಾ ನಕ್ಷತ್ರದ ಆಚೆಯ ಆ ಹೊಳೆಯುವ ಉಬ್ಬು, ನಮ್ಮಲ್ಲಿ 46 ಡಿಗ್ರಿ ತನಕ ಏರುತ್ತದೆ. ಯುರೋಪಿನವರಿಗೆ ಅದು ಮನೆ ಮಾಡಿನ ಸಾಲಿನಲ್ಲೇ ತೆವಳುತ್ತದೆ. ತ್ರಿಶಂಕು ನಕ್ಷತ್ರಪುಂಜ 15 ಡಿಗ್ರಿ ಏರುತ್ತದೆ. ಅಗಸ್ತ್ಯ ನಕ್ಷತ್ರ ಚಳಿಗಾಲವಿಡೀ ನಮ್ಮದೇ.

ಯಾವಾಗ ಹೋಗಬೇಕು? ಆಕಾಶಗಂಗೆಯ ನಡುಭಾಗ ಫೆಬ್ರವರಿ ಮಧ್ಯದಲ್ಲಿ ಬೆಳಗಿನ ಜಾವ 3ಕ್ಕೆ ಮೂಡುತ್ತದೆ. ಮಾರ್ಚ್ ಮಧ್ಯದಲ್ಲಿ 1 ಗಂಟೆಗೆ, ಏಪ್ರಿಲ್‌ನಲ್ಲಿ ರಾತ್ರಿ 11ಕ್ಕೆ, ಮೇನಲ್ಲಿ 9ಕ್ಕೆ. ಆಮೇಲೆ ಮಳೆ. ಮೃಗಶಿರಾ, ಆರಿದ್ರಾ, ಪುನರ್ವಸು ಅಂತ ರೈತರು ಮಳೆಯನ್ನು ನಕ್ಷತ್ರದ ಹೆಸರಲ್ಲೇ ಎಣಿಸುವ ಆ ತಿಂಗಳುಗಳಲ್ಲಿ ನಕ್ಷತ್ರ ಮಾತ್ರ ಕಾಣುವುದಿಲ್ಲ. ಅಕ್ಟೋಬರ್ ಮಧ್ಯಕ್ಕೆ ಮತ್ತೆ ಅವಕಾಶ: ಸಂಜೆ ಏಳೂವರೆ ಹೊತ್ತಿಗೆ ಆಕಾಶಗಂಗೆ ನೈಋತ್ಯದಲ್ಲಿ ಓರೆಯಾಗಿ ನಿಂತಿರುತ್ತದೆ, ಹತ್ತು ಗಂಟೆಗೆ ಕಡಲಿಗೆ ಇಳಿಯುತ್ತದೆ. ನಿದ್ದೆ ಕೆಡದೆ, ಮಕ್ಕಳನ್ನೂ ಕರೆದುಕೊಂಡು ಹೋಗಿ ಕಡಲತೀರದಲ್ಲಿ ತೆಗೆಯಬಹುದಾದ ಫೋಟೋ ಅದು. ಅಮಾವಾಸ್ಯೆಯ ಹಿಂದೆ ಮುಂದೆ ಐದೈದು ದಿನ ಇಟ್ಟುಕೊಂಡರೆ ಸಾಕು. ಪಂಚಾಂಗ ಗೋಡೆಯ ಮೇಲೇ ಇರುತ್ತದಲ್ವಾ!

ಫೋನಿನಿಂದ ಶುರು ಮಾಡಿ

ಕ್ಯಾಮೆರಾ ಇಲ್ಲದಿದ್ದರೆ ಈಗಲೇ ಕೊಳ್ಳಬೇಡಿ. 2019ರಲ್ಲಿ ಗೂಗಲ್ ಪಿಕ್ಸೆಲ್ 4 ಬಂದಾಗಿನಿಂದ ಫೋನುಗಳಲ್ಲಿ ನಕ್ಷತ್ರಕ್ಕೇ ಬೇರೆ ಮೋಡ್ ಬಂತು. ಅದು ನಾಲ್ಕು ನಿಮಿಷದ ತನಕ ತುಂಡು ತುಂಡಾಗಿ ತೆಗೆದು ತಾನೇ ಒಟ್ಟು ಸೇರಿಸುತ್ತದೆ. ಬೇರೆ ಫೋನುಗಳಲ್ಲೂ ಎಲ್ಲವನ್ನೂ ನಾವೇ ಹೊಂದಿಸುವ ಪ್ರೊ ಮೋಡ್ ಇದ್ದರೆ 15ರಿಂದ 30 ಸೆಕೆಂಡು ತೆರೆದಿಡಬಹುದು. ಫೋನ್ ಅಲ್ಲಾಡದೆ ನಿಲ್ಲಬೇಕು, ಅದೊಂದೇ ಷರತ್ತು. ಒಂದು ಫೋನ್ ಹೋಲ್ಡರು, ಒಂದು ಟ್ರೈಪಾಡು, ಮೂರು ಸೆಕೆಂಡಿನ ಟೈಮರು, ಇಷ್ಟರಲ್ಲಿ ಎರಡು ಮೂರು ಅಮಾವಾಸ್ಯೆ ಕಳೆಯಿರಿ. ರಾತ್ರಿ ಎರಡು ಗಂಟೆಗೆ ಬೇಣದಲ್ಲಿ ಕೂರುವುದು ನಿಮಗೆ ಇಷ್ಟವೋ ಇಲ್ಲವೋ ಅನ್ನುವುದು ಆಗ ಗೊತ್ತಾಗುತ್ತದೆ. ಆ ಟ್ರೈಪಾಡು ಮುಂದೆ ಕ್ಯಾಮೆರಾಕ್ಕೂ ಬೇಕು, ಆದ್ದರಿಂದ ಅದನ್ನು ಮಾತ್ರ ಗಟ್ಟಿಯಾದದ್ದೇ ತಗೊಳ್ಳಿ.

ಕ್ಯಾಮೆರಾ, ಲೆನ್ಸ್

ಬಳಸಿದ ಡಿಎಸ್ಎಲ್ಆರ್ ಅಥವಾ ಮಿರರ್‌ಲೆಸ್ ಕ್ಯಾಮೆರಾ ಧಾರಾಳ ಸಾಕು. ಮದುವೆ ಫೋಟೋ ತೆಗೆಯುವವರು ಹೊಸದಕ್ಕೆ ಹೋದಾಗ ಹಳೆಯದನ್ನು ಮಾರುತ್ತಾರೆ. ಬೆಳಕು ಹಿಡಿಯುವ ಸೆನ್ಸರು ಎಪಿಎಸ್-ಸಿ ಅನ್ನುವ ಚಿಕ್ಕ ಅಳತೆಯದ್ದಾದರೆ ಬಾಡಿ ಹಗುರ, ಅದಕ್ಕೆ ಹೊಂದುವ ಲೆನ್ಸುಗಳೂ ಹಗುರ. ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಚೆನ್ನಾಗಿ ಬರುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಅದರ ಹಿಂದೆ ಭಾರದ ಲೆನ್ಸು, ಭಾರದ ಟ್ರೈಪಾಡು ಸಾಲಾಗಿ ಬರುತ್ತವೆ. ಕೊಳ್ಳುವಾಗ ಮೂರು ನೋಡಿ: ಮ್ಯಾನುವಲ್ ಮೋಡ್‌ನಲ್ಲಿ 30 ಸೆಕೆಂಡು ಮತ್ತು ಬಲ್ಬ್ (ಬೇಕಾದಷ್ಟು ಹೊತ್ತು ತೆರೆದಿಡುವುದು) ಇದೆಯಾ, ರಾ ಫೈಲ್ (ಕ್ಯಾಮೆರಾ ತಿದ್ದದ ಮೂಲ ಫೋಟೋ) ಕೊಡುತ್ತದಾ, ಹಿಂದಿನ ಪರದೆಯ ಲೈವ್ ವ್ಯೂನಲ್ಲಿ ಹತ್ತು ಪಟ್ಟು ದೊಡ್ಡದು ಮಾಡಿ ಫೋಕಸ್ ನೋಡಬಹುದಾ. ಮೆಗಾಪಿಕ್ಸೆಲ್ ಲೆಕ್ಕ ಬಿಡಿ.

ಹಣ ಹಾಕುವುದಾದರೆ ಲೆನ್ಸಿಗೆ ಹಾಕಿ. ಬೆಳಕು ಒಳಗೆ ಬರುವುದು ಅಲ್ಲಿಂದ. ಎಂಎಂ ಸಂಖ್ಯೆ ಕಡಿಮೆಯಾದಷ್ಟು ನೋಟ ಅಗಲ, ಎಫ್ ಸಂಖ್ಯೆ ಕಡಿಮೆಯಾದಷ್ಟು ಬೆಳಕು ಜಾಸ್ತಿ. ಕ್ಯಾಮೆರಾ ಜತೆ ಬರುವ 18-55 ಲೆನ್ಸ್ 18 ಎಂಎಂನಲ್ಲಿ ಎಫ್ 3.5 ಕೊಡುತ್ತದೆ. ಎಫ್ 2ರ ಲೆನ್ಸ್ ಅದರ ಮೂರು ಪಟ್ಟು ಬೆಳಕು ಒಳಗೆ ಬಿಡುತ್ತದೆ. ಇಡೀ ಆಕಾಶಗಂಗೆ ಮತ್ತು ಕೆಳಗೆ ನಮ್ಮ ನೆಲ ಎರಡೂ ಬೇಕು ಅನ್ನುವವರಿಗೆ ಸಾಮ್ಯಾಂಗ್ 14 ಎಂಎಂ ಎಫ್ 2.8 ಥರದ್ದು ಒಳ್ಳೆಯ ಆಯ್ಕೆ. ಅದರಲ್ಲಿ ಆಟೋಫೋಕಸ್ ಇಲ್ಲದ ಮಾದರಿ ಕಡಿಮೆ ಬೆಲೆಗೆ ಸಿಗುತ್ತದೆ. ರಾತ್ರಿ ಆಟೋಫೋಕಸ್ ಕೆಲಸಕ್ಕೂ ಬರುವುದಿಲ್ಲ. ಕಡಿಮೆ ಖರ್ಚಿನ ಎರಡನೆಯ ಲೆನ್ಸು ಅಂದರೆ 50 ಎಂಎಂ ಎಫ್ 1.8. ಕ್ಯಾನನ್‌ನದ್ದು 160 ಗ್ರಾಂ, ಅಂಗಿ ಕಿಸೆಯಲ್ಲಿ ಹಿಡಿಯುತ್ತದೆ. ಅದನ್ನು ಸ್ವಲ್ಪ ಮುಚ್ಚಿ ಎಫ್ 2.8ರಲ್ಲಿ ಬಳಸಿ. ಪೂರ್ತಿ ತೆರೆದರೆ ಅಂಚಿನ ನಕ್ಷತ್ರಗಳಿಗೆ ರೆಕ್ಕೆ ಬರುತ್ತದೆ.

ಎಷ್ಟು ಸೆಕೆಂಡು ತೆರೆದಿಡಬಹುದು? ಭೂಮಿ ತಿರುಗುತ್ತಲೇ ಇರುವುದರಿಂದ ನಕ್ಷತ್ರ ಚುಕ್ಕಿ ಹೋಗಿ ಗೆರೆಯಾಗುತ್ತದೆ. ಹಳಬರ ಲೆಕ್ಕ 500ರದ್ದು: 500 ಅನ್ನು ಲೆನ್ಸಿನ ಎಂಎಂನಿಂದ ಭಾಗಿಸಿ, ಎಪಿಎಸ್-ಸಿ ಆದರೆ ಮತ್ತೆ 1.5ರಿಂದ ಭಾಗಿಸಿ. 18 ಎಂಎಂಗೆ 18 ಸೆಕೆಂಡು ಬಂತು. ಈಗಿನ 24 ಮೆಗಾಪಿಕ್ಸೆಲ್ ಕ್ಯಾಮೆರಾಗಳಿಗೆ ಅದು ಜಾಸ್ತಿಯಾಯಿತು. 500ರ ಬದಲು 300 ಇಟ್ಟುಕೊಳ್ಳಿ, 11 ಸೆಕೆಂಡು. ಒಂದು ಫೋಟೋದಲ್ಲಿ ಬೆಳಕು ಸಾಲದೆ ಹೋದರೆ ಹದಿನಾರು ತೆಗೆಯಿರಿ. ಸೀಕ್ವೇಟರ್, ಸಿರಿಲ್ ಥರದ ಉಚಿತ ತಂತ್ರಾಂಶಗಳು ಅವನ್ನು ಒಂದರ ಮೇಲೊಂದು ಕೂರಿಸುತ್ತವೆ. ಹದಿನಾರು ಸೇರಿದರೆ ಕಾಳುಕಾಳಾದ ಗದ್ದಲ ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ಇದಕ್ಕೆ ಪೈಸೆ ಖರ್ಚಿಲ್ಲ, ಗ್ರಾಂ ಭಾರವಿಲ್ಲ.

ಟ್ರೈಪಾಡು ಮತ್ತು ಕರಟ

ಒಂದೂವರೆಯಿಂದ ಎರಡು ಕಿಲೋದ ಟ್ರೈಪಾಡು ಸರಿ. ಅದಕ್ಕಿಂತ ಹಗುರ ಆದರೆ ಗಾಳಿಗೆ ನಡುಗುತ್ತದೆ. ನಡುಗಂಬ ಎತ್ತಲೇಬೇಡಿ, ಕಾಲು ಉದ್ದ ಮಾಡುವಾಗ ಕೊನೆಯ ಸಣ್ಣ ತುಂಡನ್ನೂ ಎಳೆಯಬೇಡಿ. ಕೆಳಗೆ ಕೊಕ್ಕೆ ಇದ್ದರೆ ಚೀಲ ತೂಗುಹಾಕಿ, ಆದರೆ ಚೀಲ ನೆಲಕ್ಕೆ ಸ್ವಲ್ಪ ತಾಗಿರಲಿ. ಇಲ್ಲದಿದ್ದರೆ ಅದೇ ಗಾಳಿಗೆ ತೂಗಾಡಿ ಕ್ಯಾಮೆರಾ ಅಲ್ಲಾಡಿಸುತ್ತದೆ.

ಮರಳಿನ ಮೇಲೆ ಬೇರೆ ಕಷ್ಟ. ಹೊನ್ನಾವರದ ಕಡೆ ಒಂದು ಕಡಲತೀರದಲ್ಲಿ ನನ್ನ ಫೋಟೋಗಳೆಲ್ಲ ಒಂದೇ ದಿಕ್ಕಿಗೆ ಜಾರಿದ್ದವು. ಟ್ರೈಪಾಡಿನ ಒಂದು ಕಾಲು ನಿಧಾನಕ್ಕೆ ಹೂಳುತ್ತಿತ್ತು, ನನಗೆ ಗೊತ್ತಾಗಲಿಲ್ಲ. ಬಲೆ ಮಡಚುತ್ತಿದ್ದ ಹಿರಿಯರೊಬ್ಬರು ಹತ್ತಿರ ಬಂದು ಸ್ವಲ್ಪ ಹೊತ್ತು ನೋಡಿದರು. ದೋಣಿ ಪಕ್ಕದಿಂದ ಮೂರು ತೆಂಗಿನ ಕರಟ ತಂದು, “ಇದ್ರೊಳಗೆ ಇಡು ತಮಾ” ಅಂದರು. ಬಟ್ಟಲಿನ ಹಾಗೆ ಮರಳಿನಲ್ಲಿ ಒತ್ತಿ, ಒಂದೊಂದರಲ್ಲಿ ಒಂದೊಂದು ಕಾಲು ಇಟ್ಟೆ. ಆಮೇಲೆ ಎರಡು ಗಂಟೆ ಕಾಲು ಅಲ್ಲಾಡಲಿಲ್ಲ. ಈಗ ಮೂರು ಕರಟ ನನ್ನ ಚೀಲದಲ್ಲಿ ಯಾವಾಗಲೂ ಇರುತ್ತವೆ.

ಟ್ರ್ಯಾಕರ್ ಬೇಕಾ?

ಟ್ರ್ಯಾಕರ್ ಅಂದರೆ ಭೂಮಿ ತಿರುಗುವಷ್ಟೇ ವೇಗದಲ್ಲಿ ಕ್ಯಾಮೆರಾವನ್ನು ಎದುರು ದಿಕ್ಕಿಗೆ ತಿರುಗಿಸುವ ಸಣ್ಣ ಪೆಟ್ಟಿಗೆ. 23 ಗಂಟೆ 56 ನಿಮಿಷಕ್ಕೆ ಒಂದು ಸುತ್ತು. ಅದರ ಅಕ್ಷ ಧ್ರುವದ ಕಡೆ ನೇರ ಇದ್ದರೆ ನಿಮಿಷಗಟ್ಟಲೆ ತೆರೆದಿಟ್ಟರೂ ನಕ್ಷತ್ರ ಚುಕ್ಕಿಯಾಗಿಯೇ ಉಳಿಯುತ್ತದೆ. ಸ್ಕೈ-ವಾಚರ್ ಸ್ಟಾರ್ ಅಡ್ವೆಂಚರರ್ 2ಐ, ಐಆಪ್ಟ್ರಾನ್ ಸ್ಕೈಗೈಡರ್ ಪ್ರೊ ಇವೆಲ್ಲ 5 ಕಿಲೋ ಹೊರುತ್ತವೆ ಅಂತ ಬರೆದಿರುತ್ತದೆ. ಚಿಕ್ಕ ಸ್ಟಾರ್ ಅಡ್ವೆಂಚರರ್ ಮಿನಿ 3 ಕಿಲೋ. ಬರೆದದ್ದರ ಅರ್ಧ ಅಂತ ನೀವು ಲೆಕ್ಕ ಹಾಕಿ.

ನಮ್ಮ ಅಕ್ಷಾಂಶದಲ್ಲಿ ಕೊಳ್ಳುವ ಮುಂಚೆ ನೋಡಬೇಕಾದದ್ದು ಬೇರೆಯೇ ಇದೆ. ಮೊದಲನೆಯದು, ಕೆಳಗಿರುವ ಓರೆ ಮಾಡುವ ತಳ. ಅದನ್ನು ವೆಜ್ ಅಂತಾರೆ. ಅದು 14 ಡಿಗ್ರಿ ತನಕ ಸಲೀಸಾಗಿ ಇಳಿಯಬೇಕು. ಕೆಲವು 15ರ ಹತ್ತಿರ ಬಂದಾಗ ಟ್ರೈಪಾಡಿನ ತಲೆಗೆ ತಾಗಿ ನಿಲ್ಲುತ್ತವೆ. ಅಂಗಡಿಯಲ್ಲೇ ಇಳಿಸಿ ತೋರಿಸಲು ಹೇಳಿ. ಎರಡನೆಯದು, ಅಕ್ಷ ಹೆಚ್ಚುಕಡಿಮೆ ನೆಲಕ್ಕೆ ಸಮನಾಗಿ ಮಲಗಿರುವುದರಿಂದ ಕ್ಯಾಮೆರಾದ ಭಾರವೆಲ್ಲ ಉತ್ತರಕ್ಕೆ ಚಾಚಿಕೊಂಡಿರುತ್ತದೆ. ಅದಕ್ಕೇ ಟ್ರೈಪಾಡಿನ ಒಂದು ಕಾಲು ಉತ್ತರಕ್ಕೇ ಇರಲಿ. ಇಲ್ಲದಿದ್ದರೆ ಇಡೀ ಸೆಟ್ಟು ಮುಂದಕ್ಕೆ ಮುಗುಚಬಹುದು.

ಧ್ರುವವನ್ನು ಹುಡುಕುವುದು ಬೇಸಿಗೆಯಲ್ಲಿ ಸಪ್ತರ್ಷಿ ಮಂಡಲದಿಂದ, ಅಕ್ಟೋಬರ್‌ನಿಂದ ಡಿಸೆಂಬರ್ ತನಕ ಎಂ ಆಕಾರದ ಕ್ಯಾಸಿಯೋಪಿಯಾದಿಂದ. ಅಷ್ಟು ತಗ್ಗಿನಲ್ಲಿ ಮಬ್ಬು ಇರುವುದರಿಂದ ಅದು ಮಂಕಾಗಿಯೇ ಕಾಣುತ್ತದೆ. ಧ್ರುವ ನಕ್ಷತ್ರ ನಿಜವಾದ ಧ್ರುವಬಿಂದುವಿಗಿಂತ ಅರ್ಧ ಡಿಗ್ರಿಗೂ ಸ್ವಲ್ಪ ಜಾಸ್ತಿ ಪಕ್ಕಕ್ಕಿದೆ. ಯಾವ ಪಕ್ಕಕ್ಕೆ ಅಂತ ಫೋನಿನ ಆ್ಯಪ್ ಆ ಗಂಟೆಗೆ ಸರಿಯಾಗಿ ತೋರಿಸುತ್ತದೆ.

ಮರ ಅಡ್ಡ ಇದೆಯಾ? ಆಗಲೂ ಟ್ರ್ಯಾಕರ್ ವ್ಯರ್ಥವಲ್ಲ. ದಿಕ್ಸೂಚಿಯಲ್ಲಿ ಉತ್ತರ ಹಿಡಿದು, ಫೋನಿನ ಓರೆ ಅಳೆಯುವ ಆ್ಯಪ್‌ನಲ್ಲಿ 14.6 ಡಿಗ್ರಿ ಇಟ್ಟರೆ, ದಿಕ್ಸೂಚಿ ಸರಿಯಿದ್ದಲ್ಲಿ, ಎರಡು ಡಿಗ್ರಿ ಹತ್ತಿರ ಬರಬಹುದು. ದಿಕ್ಸೂಚಿಯನ್ನು ಟ್ರೈಪಾಡಿನ ಲೋಹದಿಂದ ದೂರ ಹಿಡಿಯಿರಿ. ಎರಡು ಡಿಗ್ರಿ ತಪ್ಪಿದ್ದರೂ 20 ಎಂಎಂ ಲೆನ್ಸಿನಲ್ಲಿ ಒಂದು ನಿಮಿಷ ತೆರೆದಿಡಬಹುದು, ನಕ್ಷತ್ರ ಒಂದು ಪಿಕ್ಸೆಲ್ ಕೂಡ ಜರುಗುವುದಿಲ್ಲ. ಅದೇ ತಪ್ಪಿನಲ್ಲಿ 135 ಎಂಎಂ ಲೆನ್ಸ್ ಹಾಕಿದರೆ ಹನ್ನೆರಡು ಸೆಕೆಂಡಿಗೇ ಜರುಗುತ್ತದೆ.

ನನ್ನ ಅಭಿಪ್ರಾಯ ಇಷ್ಟು: ನೀವು ಹೋಗುವ ಜಾಗದಲ್ಲಿ ಧ್ರುವ ಕಾಣುವುದಿಲ್ಲ ಅಂದರೆ ಅಗಲ ಲೆನ್ಸಿನಲ್ಲೇ ಇರಿ, ಉದ್ದ ಲೆನ್ಸಿಗೆ ದುಡ್ಡು ಹಾಕಬೇಡಿ. ಕಾಣುತ್ತದೆ ಅಂದರೆ 135 ಎಂಎಂ ಎಫ್ 2 ಲೆನ್ಸು ಮತ್ತು ಟ್ರ್ಯಾಕರ್ ಇಷ್ಟರಲ್ಲೇ ಆ್ಯಂಡ್ರೊಮಿಡಾ ಗ್ಯಾಲಕ್ಸಿ, ಕೃತ್ತಿಕೆ, ಮಹಾವ್ಯಾಧನ ನೀಹಾರಿಕೆ ಎಲ್ಲ ಸಿಗುತ್ತವೆ.

ಸ್ಮಾರ್ಟ್ ಟೆಲಿಸ್ಕೋಪ್ ಬಗ್ಗೆ ಈಗ ಬಹಳ ಜನ ಕೇಳುತ್ತಾರೆ. ಸೀಸ್ಟಾರ್ ಎಸ್50 ಅಂತ ಒಂದಿದೆ: 50 ಎಂಎಂ ಮುಂದಿನ ಗಾಜು, 250 ಎಂಎಂ ಫೋಕಲ್ ಲೆಂಗ್ತ್, ತೂಕ ಎರಡೂವರೆ ಕಿಲೋ. ಅದರ ತಮ್ಮ ಎಸ್30 ಇನ್ನೂ ಹಗುರ, 1.65 ಕಿಲೋ. ನೆಲದ ಮೇಲಿಟ್ಟು ಫೋನಿನಲ್ಲಿ ಬೇಕಾದ್ದನ್ನು ಒತ್ತಿದರೆ ತಾನೇ ಹುಡುಕಿ, ತಾನೇ ಹಿಂಬಾಲಿಸಿ, ತಾನೇ ಫೋಟೋಗಳನ್ನು ಕೂಡಿಸುತ್ತದೆ. ಧ್ರುವ ಕಾಣಬೇಕೆಂದಿಲ್ಲ. ಅಡಿಕೆ ತೋಟದ ನಡುವೆ ಮನೆ ಇರುವವರಿಗೆ ಇದು ನಿಜಕ್ಕೂ ವರ. ಆದರೆ ಕಡಲ ಮೇಲೆ ಇಳಿಯುವ ಆಕಾಶಗಂಗೆ ಅದರ ಕಿರಿದಾದ ಕಿಂಡಿಯಲ್ಲಿ ಹಿಡಿಯುವುದಿಲ್ಲ. ಮೊದಲ ಸಲದ ಆಕ್ಟಿವೇಶನ್ ನೆಟ್‌ವರ್ಕ್ ಇರುವಲ್ಲೇ ಮುಗಿಸಿಕೊಂಡು ಹೋಗಿ. ಘಟ್ಟದಲ್ಲಿ ಸಿಗ್ನಲ್ ಸಿಗದು.

ಇಬ್ಬನಿ

ಬೇರೆ ಊರಿನವರು ಬರೆದ ಸಲಹೆಗಳಲ್ಲಿ ಇದು ಕೊನೆಯ ಸಾಲಿನಲ್ಲಿ ಇರುತ್ತದೆ. ನಮಗೆ ಇದೇ ಮೊದಲು. ಒಂದು ಜನವರಿ ರಾತ್ರಿ ಹನ್ನೆರಡರಿಂದ ಬೆಳಗಿನ ಜಾವದ ತನಕ 180 ಫೋಟೋ ತೆಗೆದೆ. ಮನೆಗೆ ಬಂದು ನೋಡಿದರೆ ಮೊದಲ ನಲವತ್ತರಲ್ಲಿ ನಕ್ಷತ್ರ ಇತ್ತು. ಆಮೇಲೆ ಒಂದೊಂದಾಗಿ ಮಸುಕಾಗಿ, ಕೊನೆಗೆ ಬೂದು ಬಣ್ಣದ ಪರದೆ. ಲೆನ್ಸಿನ ಮುಂದಿನ ಗಾಜಿನ ಮೇಲೆ ಇಬ್ಬನಿ ಕೂತಿತ್ತು. ತೋಟದ ಸೋಗೆಯಿಂದ ಟಪ್ ಟಪ್ ಅಂತ ಹನಿ ಬೀಳುವುದು ಕೇಳುತ್ತಲೇ ಇತ್ತು. ಲೆನ್ಸಿನ ಮೇಲೂ ಅದೇ ಆಗುತ್ತಿದೆ ಅಂತ ಹೊಳೆಯಲಿಲ್ಲ.

ಯಾಕೆ ಹೀಗಾಗುತ್ತದೆ ಅಂತ ತಿಳಿಯಲು ಬೆಳಿಗ್ಗೆ ಎದ್ದು ಬೈಕ್ ನೋಡಿ. ಅಂಗಳದಲ್ಲಿ ನಿಲ್ಲಿಸಿದ ಬೈಕಿನ ಸೀಟು ಒದ್ದೆ, ಹಲಸಿನ ಮರದ ಕೆಳಗೆ ನಿಲ್ಲಿಸಿದ್ದು ಒಣಗಿರುತ್ತದೆ. ತೆರೆದ ಆಕಾಶಕ್ಕೆ ಮುಖ ಮಾಡಿದ ವಸ್ತು ತನ್ನ ಬಿಸಿಯನ್ನು ಆಕಾಶಕ್ಕೆ ಬಿಟ್ಟುಕೊಟ್ಟು ಸುತ್ತಲಿನ ಗಾಳಿಗಿಂತಲೂ ತಂಪಾಗುತ್ತದೆ. ಆಗ ಗಾಳಿಯ ತೇವ ಅದರ ಮೇಲೆ ನೀರಾಗಿ ಕೂರುತ್ತದೆ. ಲೆನ್ಸು ಇಡೀ ರಾತ್ರಿ ಮಾಡುವ ಕೆಲಸವೇ ತೆರೆದ ಆಕಾಶಕ್ಕೆ ಮುಖ ಮಾಡಿ ನಿಲ್ಲುವುದು.

ಉಪಾಯ ಎರಡು. ಲೆನ್ಸಿನ ಹುಡ್ (ಮುಂದೆ ಕೂರಿಸುವ ಕೊಳವೆಯಂಥ ಅಂಚು) ಯಾವಾಗಲೂ ಹಾಕಿರಿ, ಅದು ಹಲಸಿನ ಮರದ ಕೆಲಸವನ್ನು ಸ್ವಲ್ಪ ಮಟ್ಟಿಗೆ ಮಾಡುತ್ತದೆ. ಎರಡನೆಯದು ಡ್ಯೂ ಹೀಟರ್. ಲೆನ್ಸಿನ ಸುತ್ತ ಸುತ್ತುವ ಬಟ್ಟೆಯ ಪಟ್ಟಿ, ಒಳಗೆ ತಂತಿ, ತುದಿಯಲ್ಲಿ ಯುಎಸ್‌ಬಿ. ನೂರು ಗ್ರಾಂ ಕೂಡ ಇರುವುದಿಲ್ಲ. ಗಾಜು ಸುತ್ತಲಿನ ಗಾಳಿಗಿಂತ ಒಂದೆರಡು ಡಿಗ್ರಿ ಬೆಚ್ಚಗಿದ್ದರೆ ಸಾಕು. ಮುಂದಿನ ಗಾಜಿಗೆ ಹತ್ತಿರ ಸುತ್ತಿ, ಫೋಕಸ್ ರಿಂಗಿನ ಮೇಲೆ ಬೇಡ. ಇಬ್ಬನಿ ಬಿದ್ದ ಮೇಲೆ ಹಾಕುವುದಲ್ಲ, ಕ್ಯಾಮೆರಾ ಇಟ್ಟ ಕ್ಷಣದಿಂದಲೇ ಆನ್ ಮಾಡಿ. ಇಡೀ ಚೀಲದಲ್ಲಿ ನಾನು ಯಾವುದನ್ನಾದರೂ ಬಿಟ್ಟು ಹೋಗಬೇಕು ಅಂದರೆ ಟ್ರ್ಯಾಕರ್ ಬಿಡುತ್ತೇನೆ, ಹೀಟರ್ ಬಿಡುವುದಿಲ್ಲ.

ಇದಕ್ಕೆ ಕರೆಂಟ್ ಬೇಕು. 20,000 ಎಂಎಎಚ್ ಪವರ್ ಬ್ಯಾಂಕ್ ಅಂದರೆ ಹೇಳಿಕೆಗೆ 74 ವ್ಯಾಟ್-ಗಂಟೆ, ಕೈಗೆ ಸಿಗುವುದು 50 ಅಂತ ಇಟ್ಟುಕೊಳ್ಳಿ. 10 ವ್ಯಾಟಿನ ಹೀಟರ್ ಐದು ಗಂಟೆ ಓಡುತ್ತದೆ. ಮಧ್ಯಮದಲ್ಲಿ ಇಟ್ಟರೆ ಬೆಳಗಿನ ತನಕ. ಬೇರೆ ಸಾಮಾನಿಗೆ ಇನ್ನೊಂದು ಸಣ್ಣ ಪವರ್ ಬ್ಯಾಂಕ್ ಇರಲಿ.

ಬಟ್ಟೆಯಿಂದ ಒರೆಸುವ ಆಸೆ ಬರುತ್ತದೆ, ಬೇಡ. ಫೋಕಸ್ ಜರುಗುತ್ತದೆ. ಕಡಲತೀರದಲ್ಲಾದರೆ ಗಾಜಿನ ಮೇಲೆ ಉಪ್ಪು ಕೂತಿರುತ್ತದೆ, ಒಣಗಿದ್ದನ್ನು ಉಜ್ಜಿದರೆ ಗೀರು ಬೀಳುತ್ತದೆ. ಮೊದಲು ಬ್ಲೋವರ್‌ನಿಂದ ಊದಿ, ಆಮೇಲೆ ಲೆನ್ಸ್ ಕ್ಲೀನರ್ ಹಾಕಿದ ತೇವದ ಬಟ್ಟೆ.

ಮಳೆಗಾಲದ ಬೂಷ್ಟು

ಮಳೆಗಾಲದ ನಾಲ್ಕು ತಿಂಗಳು ಸಾಮಾನು ಎಲ್ಲಿಡುತ್ತೀರಿ ಅನ್ನುವುದನ್ನು ಕೊಳ್ಳುವ ದಿನವೇ ಯೋಚಿಸಿ. ನನ್ನ ಮೊದಲ ಲೆನ್ಸನ್ನು ಬಟ್ಟೆ ಚೀಲದಲ್ಲಿ ಹಾಕಿ ಕಪಾಟಿನಲ್ಲಿ ಇಟ್ಟಿದ್ದೆ. ದಸರಾ ಹೊತ್ತಿಗೆ ತೆಗೆದು ಟಾರ್ಚ್ ಬಿಟ್ಟು ನೋಡಿದರೆ ಒಳಗಾಜಿನ ಮೇಲೆ ಜೇಡರ ಬಲೆಯ ಹಾಗೆ ಬಿಳಿ ಎಳೆಗಳು. ಫಂಗಸ್. ಬಿಚ್ಚಿ ತೊಳೆಸಿದೆ, ಆದರೂ ಗಾಜಿನ ಲೇಪನದಲ್ಲಿ ಕಲೆ ಉಳಿಯಿತು.

ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ತೇವ ತೋರಿಸುವ ಸಣ್ಣ ಹೈಗ್ರೋಮೀಟರ್, ಇಷ್ಟು ಸಾಕು. ಮುಳ್ಳು 40ರಿಂದ 50 ಶೇಕಡಾ ನಡುವೆ ಇರಲಿ. ಕಿತ್ತಳೆ ಬಣ್ಣದ ಸಿಲಿಕಾ ತೇವ ಕುಡಿದಾಗ ಹಸಿರಾಗುತ್ತದೆ. ಆಗ ಅಡುಗೆಗೆ ಬಳಸದ ಹಳೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಒಣಗಿಸಿ ಮತ್ತೆ ಹಾಕಿ. ಬಳಸಿದ ಲೆನ್ಸ್ ಕೊಳ್ಳುವಾಗಲೂ ಹಿಂದಿನಿಂದ ಟಾರ್ಚ್ ಬಿಟ್ಟು ನೋಡದೆ ದುಡ್ಡು ಕೊಡಬೇಡಿ. ಕರಾವಳಿ ಮತ್ತು ಮಲೆನಾಡಿನಲ್ಲಿ ಓಡಾಡಿದ ಲೆನ್ಸುಗಳಲ್ಲಿ ಇದು ಸಾಮಾನ್ಯ.

ಹೊರಡುವ ಮುನ್ನ

ರಾತ್ರಿ ಕಾಡಿನೊಳಗೆ ಹೋಗಬೇಡಿ. ಜೋಯಿಡಾ, ದಾಂಡೇಲಿ ಕಡೆಯ ಕಾಳಿ ಹುಲಿ ಸಂರಕ್ಷಿತ ಪ್ರದೇಶ ಹೇಗೂ ರಾತ್ರಿ ಸುತ್ತುವ ಜಾಗವಲ್ಲ. ಯಾಣದಂಥ ಕಡೆಯೂ ಕತ್ತಲಾದ ಮೇಲೆ ಉಳಿಯುವ ಯೋಚನೆ ಬೇಡ. ಅಲ್ಲೇ ಹತ್ತಿರದ ಹೋಮ್‌ಸ್ಟೇ ಅಥವಾ ಪರಿಚಯದವರ ಮನೆಯ ಗದ್ದೆ ಬಯಲು ಕೇಳಿ, ಖುಷಿಯಿಂದ ಕೊಡುತ್ತಾರೆ. ಯಾರದೇ ಬೇಣಕ್ಕೆ ಹೋದರೂ ಹೇಳಿಯೇ ಹೋಗಿ. ನಡುರಾತ್ರಿ ಗುಡ್ಡದಲ್ಲಿ ದೀಪ ಕಂಡರೆ ಊರವರು ಕಳ್ಳರು ಅಂದುಕೊಳ್ಳುವುದು ಸಹಜ ಅಲ್ವಾ. ಕಾರವಾರದ ಅರ್ಗಾ ಸುತ್ತಮುತ್ತ ನೌಕಾನೆಲೆ ಇದೆ. ಆ ಕಡೆ ಕ್ಯಾಮೆರಾ ಎತ್ತಲೇಬೇಡಿ, ನಕ್ಷತ್ರಕ್ಕೂ ಬೇಡ.

ಉಣುಗಿನ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ 1957ರಲ್ಲಿ ಪಕ್ಕದ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಾದದ್ದು. ಸಿದ್ದಾಪುರದ ಕಡೆಯವರಿಗೆ ಅದರ ನೋವು ಚೆನ್ನಾಗಿ ಗೊತ್ತು. ಅದು ಹರಡುವ ಒಣ ತಿಂಗಳುಗಳೇ ನಮ್ಮ ಆಕಾಶ ತಿಳಿಯಾಗಿರುವ ತಿಂಗಳುಗಳು. ಒಣಗಿದ ಎಲೆಯ ಮೇಲೆ ಕೂರಬೇಡಿ, ಮಲಗಬೇಡಿ. ಮಡಚುವ ಸ್ಟೂಲ್ ಒಯ್ಯಿರಿ, ಅದರ 700 ಗ್ರಾಂ ಭಾರವನ್ನು ಲೆಕ್ಕದಲ್ಲಿ ಸೇರಿಸಿಕೊಳ್ಳಿ. ಪೂರ್ತಿ ಪ್ಯಾಂಟು, ಅದನ್ನು ಸಾಕ್ಸಿನೊಳಗೆ ತುರುಕಿ. ಉಣುಗು ಹತ್ತಿರ ಬಾರದಂತೆ ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆ ಸಿಕ್ಕರೆ ಹಚ್ಚಿಕೊಳ್ಳಿ. ಮನೆಗೆ ಬಂದ ತಕ್ಷಣ ಬಿಸಿನೀರಿನ ಸ್ನಾನ, ಬಟ್ಟೆ ಬಿಸಿನೀರಿಗೆ. ಸತ್ತ ಮಂಗ ಕಂಡ ಸುದ್ದಿ ಇರುವ ಕಡೆ ಹೋಗಲೇಬೇಡಿ.

ಟಾರ್ಚಿಗೆ ಕೆಂಪು ಜಿಲಾಟಿನ್ ಕಾಗದ ಎರಡು ಪದರ ಸುತ್ತಿ. ಕಣ್ಣು ಕತ್ತಲಿಗೆ ಹೊಂದಲು ಇಪ್ಪತ್ತು ನಿಮಿಷ ಬೇಕು, ಒಂದು ಬಿಳಿ ದೀಪ ಅದನ್ನು ಕ್ಷಣದಲ್ಲಿ ಕೆಡಿಸುತ್ತದೆ. ಚಳಿಗಾಲದಲ್ಲಿ ನಮ್ಮ ಕಡಲತೀರಗಳಿಗೆ ಆಲಿವ್ ರಿಡ್ಲಿ ಆಮೆಗಳು ಮೊಟ್ಟೆ ಇಡಲು ಬರುತ್ತವೆ. ಅವಕ್ಕೂ ಬಿಳಿ ಬೆಳಕು ತೊಂದರೆ. ಆಮೆ ಕಂಡರೆ ಕೆಂಪು ದೀಪವನ್ನೂ ಆರಿಸಿ ದೂರ ನಿಲ್ಲಿ.

ಮೊದಲ ರಾತ್ರಿ

ಬೆಳಕಿರುವಾಗಲೇ ತಲುಪಿ, ಟ್ರೈಪಾಡು ನಿಲ್ಲಿಸಿ, ಉತ್ತರ ಗುರುತಿಸಿ. ಕತ್ತಲಾದ ಮೇಲೆ ಹೊಳೆಯುವ ನಕ್ಷತ್ರ ಒಂದನ್ನು ಹಿಡಿಯಿರಿ: ಚಳಿಗಾಲಕ್ಕೆ ಲುಬ್ಧಕ ಅಥವಾ ಅಗಸ್ತ್ಯ, ಬೇಸಿಗೆಗೆ ಸ್ವಾತಿ. ಲೈವ್ ವ್ಯೂನಲ್ಲಿ ಹತ್ತು ಪಟ್ಟು ಹಿಗ್ಗಿಸಿ. ಫೋಕಸ್ ರಿಂಗ್ ನಿಧಾನ ತಿರುಗಿಸಿದಂತೆ ದೊಡ್ಡ ಉಂಡೆ ಚಿಕ್ಕದಾಗುತ್ತಾ ಸೂಜಿಮೊನೆಯಾಗುತ್ತದೆ, ದಾಟಿದರೆ ಮತ್ತೆ ಉಬ್ಬುತ್ತದೆ. ಸೂಜಿಮೊನೆಗೆ ವಾಪಸ್ ಬಂದು ರಿಂಗಿಗೆ ಟೇಪ್ ಅಂಟಿಸಿ. ಹೀಟರ್ ಆನ್. ಐಎಸ್ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 3200, ಅಪರ್ಚರ್ (ಲೆನ್ಸಿನ ತೆರೆಯುವ ಕಿಂಡಿ) ಪೂರ್ತಿ ಅಥವಾ ಒಂದು ಹೆಜ್ಜೆ ಕಡಿಮೆ, 11 ಸೆಕೆಂಡು, ರಾ ಫೈಲ್. ಒಂದು ತೆಗೆದು ಹಿಗ್ಗಿಸಿ ನೋಡಿ. ನಕ್ಷತ್ರ ದುಂಡಗಿದೆಯಾ? ಹಾಗಾದರೆ ಸಾಲಾಗಿ ಮೂವತ್ತು ತೆಗೆಯಲು ಬಿಡಿ. ಅಷ್ಟು ಹೊತ್ತು ಕ್ಯಾಮೆರಾ ಮುಟ್ಟಬೇಡಿ, ಸುಮ್ನೆ ತಲೆ ಎತ್ತಿ ನೋಡುತ್ತಾ ಕೂರಿ. ಅರ್ಧ ಗಂಟೆಗೊಮ್ಮೆ ಕೆಂಪು ದೀಪದಲ್ಲಿ ಓರೆಯಾಗಿ ಲೆನ್ಸ್ ನೋಡಿ, ಮಬ್ಬು ಕಂಡರೆ ಹೀಟರ್ ಏರಿಸಿ. ಕೊನೆಗೆ ಲೆನ್ಸ್ ಮುಚ್ಚಳ ಹಾಕಿ ಅದೇ ಸೆಟ್ಟಿಂಗಿನಲ್ಲಿ ಹತ್ತು ಕಪ್ಪು ಫೋಟೋ ತೆಗೆಯಿರಿ. ಸೆನ್ಸರಿನ ಕಲೆಗಳನ್ನು ಕಳೆಯಲು ತಂತ್ರಾಂಶಕ್ಕೆ ಅವು ಬೇಕು.

ಮನೆಗೆ ಬಂದು ತಕ್ಷಣ ಚೀಲ ಬಿಚ್ಚಬೇಡಿ. ತಂಪಾದ ಲೆನ್ಸಿಗೆ ಒಳಮನೆಯ ಬೆಚ್ಚಗಿನ ಗಾಳಿ ತಾಗಿದರೆ ಮತ್ತೆ ನೀರು ಕೂರುತ್ತದೆ. ಒಂದು ಗಂಟೆ ಮುಚ್ಚಿಯೇ ಇರಲಿ. ಅಷ್ಟರಲ್ಲಿ ನೀವು ಸ್ನಾನ ಮುಗಿಸಿ. ಕಡಲತೀರದಿಂದ ಬಂದಿದ್ದರೆ ಟ್ರೈಪಾಡಿನ ಕಾಲುಗಳನ್ನು ಪೂರ್ತಿ ಎಳೆದು ಬಾವಿ ನೀರಿನಲ್ಲಿ ತೊಳೆಯಿರಿ. ತಿರುಪಿನ ಸಂದಿಯಲ್ಲಿ ಉಪ್ಪು ಮರಳು ಉಳಿದರೆ ಒಂದೇ ವಾರದಲ್ಲಿ ಬಿಗಿದುಕೊಳ್ಳುತ್ತದೆ. ಆಮೇಲೆ ತಲೆಕೆಳಗಾಗಿ ಬಿಸಿಲಿಗಿಡಿ, ಕಾಲು ಹಾಗೇ ಎಳೆದಿರಲಿ. ಕ್ಯಾಮೆರಾ ಒಣಗಿ ಡಬ್ಬಿ ಸೇರಿದ ಮೇಲೆ, ಹೀಟರಿನ ಪವರ್ ಬ್ಯಾಂಕ್ ಚಾರ್ಜಿಗೆ ಹಾಕಿ ಮಲಗಿ. ಅಮಾವಾಸ್ಯೆಯ ಸುತ್ತ ಇನ್ನೂ ಮೂರ್ನಾಲ್ಕು ರಾತ್ರಿ ಬಾಕಿ ಇರುತ್ತವೆ.